ಉಫ್ ಮೇಷ್ಟ್ರು ಕಾದ ಗೂಡು

ಮೊಲ ಸಾಕಣೆಯೆಂದರೆ ಮಕ್ಕಳಾಟ ಎಂದು ನಗುತ್ತಿದ್ದವರ ನಡುವೆಯೇ ನಿಂತು, ಮಾಂಸದ ತೂಕ, ತುಪ್ಪಳದ ದಟ್ಟಣೆ, ಪ್ರದರ್ಶನದ ಮೇಜಿಗೊಪ್ಪುವ ಮೈಕಟ್ಟು ಈ ಮೂರನ್ನೂ ಒಂದೇ ಬೂದು ತಳಿಯಲ್ಲಿ ಒಲಿಸಿಕೊಂಡ ಹಿರಿಯರು ನಮ್ಮ ಸಾಕಣೆ ಕೇಂದ್ರದಿಂದ ನಿವೃತ್ತರಾಗಿದ್ದಾರೆ. ತುಪ್ಪಳಕ್ಕೆ ಉಫ್ ಎಂದು ಊದಿ, ಕೂದಲು ಬಿರಿದಾಗ ಬುಡದಲ್ಲಿ ಚರ್ಮ ಎಷ್ಟು ಕಾಣುತ್ತದೆಂದು ನೋಡಿ ದಟ್ಟಣೆ ಹೇಳುತ್ತಿದ್ದ ಅವರು ನಮಗೆಲ್ಲ ಉಫ್ ಮೇಷ್ಟ್ರು. ಅವರ ಬಳಿ ಕಲಿತು ಅವರ ಕೈಕೆಳಗೇ ಕೆಲಸಕ್ಕೆ ಸೇರಿದ ನನಗೆ ಅವರ ಬಗ್ಗೆ ಬರೆಯುವುದೆಂದರೆ ಇಂದಿಗೂ ಎದೆ ಡವಡವ.

ಮೊಲವನ್ನು ಕಿವಿ ಹಿಡಿದು ಎತ್ತಿದವರನ್ನು ಮೇಷ್ಟ್ರು ಕ್ಷಮಿಸಿದ್ದೇ ಇಲ್ಲ. ಮಾಂಸಕ್ಕೆ ಹೋಗುವ ಮೊಲವನ್ನೂ ಎದೆಗವಚಿಕೊಂಡೇ ಒಯ್ಯುತ್ತಿದ್ದರು. ನಾನು ಬಾಣಂತನ ಮುಗಿಸಿ ಮರಳಿದಾಗ, ಮಗುವಿಗೆ ಹಾಲೂಡಿಸಲೆಂದು ಮೇವಿನ ಕೋಣೆಯ ಮೂಲೆಗೆ ತಾವೇ ಪರದೆ ಕಟ್ಟಿ, "ಮೊಲಕ್ಕೆ ಇರೋ ಮರೆ ಮನುಷ್ಯರಿಗೆ ಬೇಡ್ವೇನಮ್ಮ?" ಎಂದಿದ್ದರು.

ಹೊಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಗಬ್ಬವೋ ಅಲ್ಲವೋ ಹೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆ ಬೆರಳು ತಪ್ಪಿದ್ದು ಒಂದೇ ಸಲ. ತಪ್ಪಿದ್ದೂ ಎಂಥ ಹೊತ್ತಿನಲ್ಲಿ!

ರೋಗ ಬಂದು ಬೂದು ತಳಿಯಲ್ಲಿ ಒಂದೇ ಹೆಣ್ಣು ಉಳಿದಿತ್ತು. ಬೇಗ ತೂಕ ಬರುವ ಬಿಳಿ ಮೊಲಗಳೇ ಸಾಕು, ಈ ಸಲದ ಪ್ರದರ್ಶನದಲ್ಲಿ ಗೆಲ್ಲದಿದ್ದರೆ ಬೂದು ತಳಿಯನ್ನು ಕೈಬಿಡುವುದೇ ಎಂದು ಮೇಲಧಿಕಾರಿಗಳು ಖಡಾಖಂಡಿತವಾಗಿ ಹೇಳಿದ್ದರು. ಮೇಷ್ಟ್ರು ಅದರ ಹೊಟ್ಟೆ ಮುಟ್ಟಿ "ಖಾಲಿ" ಎಂದರು, ಹೊರಟೆವು. ಸಭಾಂಗಣದಲ್ಲಿ ನಮ್ಮ ಸರದಿ ಬರುವಷ್ಟರಲ್ಲಿ ಆ ಮೊಲ ಎದೆಯ ತುಪ್ಪಳವನ್ನು ಬಾಯಿತುಂಬ ಕಿತ್ತು ಪಂಜರದ ಹುಲ್ಲಿನ ಮೇಲೆ ಹಾಸತೊಡಗಿತು. ಮರಿ ಹಾಕುವ ಮುನ್ನ ತಾಯಿಮೊಲ ಗೂಡು ಕಟ್ಟುವುದು ಹಾಗೆಯೇ.

"ಬೇಗ ಎತ್ತಿ ಮೇಜಿಗೆ ತನ್ನಿ, ಬೆನ್ನು ಇನ್ನೂ ಚೆನ್ನಾಗೇ ಇದೆ," ಎಂದು ಮೇಲಧಿಕಾರಿಗಳು ಅವಸರಿಸಿದರು.

"ಈಗ ಎತ್ತಿದ್ರೆ ಗಾಬರೀಲಿ ಮರಿಗಳನ್ನ ಉಳಿಸಲ್ಲ ಸಾರ್," ಎಂದರು ಮೇಷ್ಟ್ರು.

"ಬಹುಮಾನ ಇಲ್ಲ ಅಂದ್ರೆ ತಳಿ ಇಲ್ಲ. ಗೊತ್ತಲ್ಲ?"

"ಗೊತ್ತು ಸಾರ್. ತಪ್ಪು ನನ್ನ ಬೆರಳಿಂದು. ಅವಳನ್ನ ಎಬ್ಬಿಸಲ್ಲ."

ಪ್ರದರ್ಶನಕ್ಕೆಂದೇ ಹೊಲಿಸಿದ್ದ ಕೋಟು ಬಿಚ್ಚಿ ಪಂಜರಕ್ಕೆ ಮರೆಮಾಡಿ, ನಮ್ಮ ಸರದಿ ಕೂಗಿದಾಗಲೂ ಕದಲದೆ ನಿಂತರು. ಬಹುಮಾನ ಬೇರೆಯವರ ಪಾಲಾಯಿತು. ನನಗೆ ಅಳು ತಡೆಯಲಾಗಲಿಲ್ಲ.

ಸಂಜೆ ಕೋಟು ಸರಿಸಿದಾಗ ಮೂಲೆಯ ಬೂದು ತುಪ್ಪಳದ ರಾಶಿ ತಾನೇ ಉಸಿರಾಡುವಂತೆ ಏಳುತ್ತಿತ್ತು, ಇಳಿಯುತ್ತಿತ್ತು. ಕೈಮುಗಿಯಬೇಕೆನಿಸಿತು. ಮೇಷ್ಟ್ರು ಮೇಲಧಿಕಾರಿಗಳ ಬೆರಳು ಹಿಡಿದು ಆ ಬೆಚ್ಚನೆಯೊಳಗೆ ಇಳಿಸಿದರು. ಅವರು ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ತಳಿ ಕೈಬಿಡುವ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಇಂದು ಕೇಂದ್ರದಲ್ಲಿರುವ ಬೂದು ಮೊಲಗಳೆಲ್ಲ ಆ ಗೂಡಿನ ಸಂತಾನವೇ.

ಖಾಲಿ ಎಂದ ಮೊಲಕ್ಕೂ ಗೂಡುಪೆಟ್ಟಿಗೆ ಇಡುವ ಪದ್ಧತಿಯನ್ನು ಅಂದಿನಿಂದ ಮೇಷ್ಟ್ರೇ ಜಾರಿಗೆ ತಂದರು. ಸೇವೆಯ ಕಡೆಯ ದಿನವೂ ಒಂದು ಮೊಲದ ಹೊಟ್ಟೆ ಮುಟ್ಟಿ, ನನ್ನತ್ತ ನೋಡಿ ನಕ್ಕು, "ಖಾಲಿ ಕಣಮ್ಮ. ಆದ್ರೂ ಪೆಟ್ಟಿಗೆ ಇಡು," ಎಂದರು. ಇಟ್ಟಿದ್ದೇನೆ.

ಅವರಿಗೆ ಆಯುರಾರೋಗ್ಯ ತುಂಬಿರಲಿ, ಅವರ ಉಸಿರು ನಮ್ಮ ಮೊಲಗಳ ಬೆನ್ನಿನ ಮೇಲೆ ಇನ್ನೂ ಬಹುಕಾಲ ಸುಳಿಯುತ್ತಿರಲಿ ಎಂದು ಹಾರೈಸಿ ಬರಹ ಮುಗಿಸಬೇಕೆಂದಿದ್ದೆ. ಆದರೆ ಕಿಟಕಿಯಾಚೆ ಆ "ಖಾಲಿ" ಮೊಲ ಎದೆಯ ತುಪ್ಪಳ ಕೀಳತೊಡಗಿದೆ. ಮೇಷ್ಟ್ರೇ, ಬೇಗ ಬನ್ನಿ.