ಮುಟ್ಟಿ ನೋಡದೆ ಹಾಕಿದ ಸಹಿ

ನನ್ನ ಸೋದರಮಾವನನ್ನು ಅಣೆಕಟ್ಟಿನ ಕೆಲಸಗಾರರೆಲ್ಲ ‘ಮುಟ್ನೋಡು ಮಾವ’ ಎಂದೇ ಕರೆಯುತ್ತಿದ್ದರು. ಬೋಲ್ಟು, ಚಿಲಕ, ಹಗ್ಗದ ಗಂಟು, ಯಾವುದನ್ನೂ ಆತ ಬರೀ ಕಣ್ಣಿನಿಂದ ನೋಡಿ ನಂಬಿದವನಲ್ಲ, ಕೈಯಿಂದ ಅಲ್ಲಾಡಿಸಬೇಕು. “ನಾನು ಸತ್ತೆ ಅಂದ್ರೂ ನಾಡಿ ಹಿಡಿದು ನೋಡದೆ ಅಳೋರಲ್ಲ ಇವರು” ಎಂದು ಅತ್ತೆ ನಗುತ್ತಿದ್ದಳು. ಅಂಥವನು ಜೀವಮಾನದಲ್ಲಿ ಒಂದೇ ಒಂದು ಸಲ ಮುಟ್ಟಿ ನೋಡದೆ ಸಹಿ ಹಾಕಿದ. ಹಾಕಿಸಿಕೊಂಡವನು ನನ್ನ ಅಪ್ಪ.

ನಮ್ಮದು ನೆರೆ ತಡೆಯುವ ಅಣೆಕಟ್ಟಲ್ಲ. ಊರಿನವರಿಗೆ ಎಷ್ಟು ಹೇಳಿದರೂ ಇದು ತಲೆಗೆ ಹೋಗುವುದಿಲ್ಲ. ಮನೆಗೆ ನೀರು ನುಗ್ಗಿದರೆ ನಮಗೇ ಬೈಯುತ್ತಾರೆ. ಸರಕಿನ ದೋಣಿಗಳ ತಳ ನೆಲಕ್ಕೆ ತಾಗದಷ್ಟು ನೀರು ನಿಲ್ಲಿಸುವುದು, ಪಕ್ಕದ ಎರಡು ಬಾಗಿಲಿನ ಕಾಲುವೆಯಲ್ಲಿ ಅವನ್ನು ಹತ್ತಿಸಿ ಇಳಿಸುವುದು, ಇಷ್ಟೇ ಅದರ ಕೆಲಸ. ಗಿಡ್ಡ ಗೋಡೆ, ನೋಡಲು ಸಾಧು. ಆದರೆ ಮೇಲಿನಿಂದ ಬರುವ ಸಣ್ಣ ದೋಣಿಯವನಿಗೆ ಅದು ಕಾಣುವುದೇ ಇಲ್ಲ. ಬಿದ್ದನೋ, ಕೆಳಗಿನ ನೀರು ಹಿಂದಕ್ಕೆ ಸುತ್ತಿ ಸುತ್ತಿ ಗೋಡೆಯ ಬುಡಕ್ಕೇ ಎಳೆಯುತ್ತದೆ. ಎಂಥ ಈಜುಗಾರನನ್ನೂ ಬಿಡುವುದಿಲ್ಲ. ಅದಕ್ಕೇ ದೋಣಿಗಳನ್ನು ತಡೆಯಲು ಮೇಲ್ಗಡೆ ದಡದಿಂದ ದಡಕ್ಕೆ ತೇಲುವ ಕೇಸರಿ ಡ್ರಮ್ಮುಗಳ ಸರಪಳಿ. ನೆರೆ ಬರುವಾಗ ಬಿಚ್ಚಿ, ಇಳಿದ ಮೇಲೆ ಮತ್ತೆ ಕಟ್ಟಬೇಕು. ಕಟ್ಟುವವನು ಒಬ್ಬ, ಪರೀಕ್ಷಿಸುವವನು ಇನ್ನೊಬ್ಬ, ಪುಸ್ತಕದಲ್ಲಿ ಇಬ್ಬರ ಸಹಿ.

ಆ ವರ್ಷ ನೆರೆ ಇಳಿದಾಗ ಮಾವ ಜ್ವರದಲ್ಲಿ ಮಲಗಿದ್ದ. ಅಪ್ಪ ಅಲ್ಲಿನ ಮೆಕ್ಯಾನಿಕ್. ಸರಪಳಿ ಕಟ್ಟಿ ಪುಸ್ತಕವನ್ನು ಮಾವನ ಹಾಸಿಗೆಗೇ ತಂದ. ಮಾತ್ರೆ ಕೊಡಲು ಹೋಗಿದ್ದ ನಾನು ಅಲ್ಲೇ ಇದ್ದೆ. ಆಚೆ ದಡದ ಬೋಲ್ಟು ಬಿಗಿದಾಯಿತೇ ಎಂದು ಮಾವ ಎರಡು ಸಲ ಕೇಳಿದ.

“ಬಿಗಿದಿದ್ದೀನಿ ಭಾವ. ಸಹಿ ಹಾಕಿ.”

“ತಂಗಿ ಗಂಡನ್ನೇ ನಂಬದೆ ಇನ್ಯಾರನ್ನ ನಂಬಲಿ” ಎಂದು ಮಾವ ಸಹಿ ಹಾಕಿದ.

ಬೋಲ್ಟು ಬಿಗಿದಿರಲಿಲ್ಲ. ಕೊಂಡಿಗೆ ಸುಮ್ಮನೆ ಸಿಕ್ಕಿಸಿ, ನಾಳೆ ಬಿಗಿದರಾಯಿತು ಎಂದು ಅಪ್ಪ ಬಂದಿದ್ದ; ಇದನ್ನು ಆಮೇಲೆ ಮನೆಯಲ್ಲಿ ಅವನೇ ಬಾಯಿಬಿಟ್ಟ. ಆ ನಾಳೆ ಬರಲೇ ಇಲ್ಲ. ನಾಲ್ಕನೆಯ ದಿನ ಸರಪಳಿ ಕಳಚಿ ದಡಕ್ಕೆ ಸೇರಿತು, ಮೀನು ಹಿಡಿಯಲು ಬಂದ ಅಣ್ಣ ತಮ್ಮ ಇಬ್ಬರೂ ಗೋಡೆ ದಾಟಿ ಬಿದ್ದರು. ಹಗ್ಗ ಎಸೆದು ಎಳೆದದ್ದಕ್ಕೆ ತಮ್ಮ ಉಳಿದ. ಅಣ್ಣ ಸಿಕ್ಕಿದ್ದು ಮೂರು ದಿನದ ಮೇಲೆ.

ವಿಚಾರಣೆಯಲ್ಲಿ ಅಪ್ಪ, ಬೋಲ್ಟು ಬಿಗಿದೇ ಬಂದಿದ್ದೆ, ಪರೀಕ್ಷಿಸುವುದು ಭಾವನ ಕೆಲಸ, ಅವರ ಸಹಿಯೂ ಇದೆ ಎಂದ. ಮಾವ, ತಾನು ಮುಟ್ಟದೆ ಸಹಿ ಹಾಕಿದ್ದು ನಿಜ ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ಹಾಸಿಗೆಯ ಪಕ್ಕ ನಿಂತು ನಾನು ಎಲ್ಲ ಕೇಳಿದ್ದೆನೆಂದು ವಿಚಾರಣೆಯವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಅಪ್ಪನ ಕೆಲಸ ಹೋದರೆ ಬೀದಿಪಾಲಾಗುತ್ತೇವೆ ಎಂದು ಅಮ್ಮ ನನ್ನ ಬಾಯಿ ಕಟ್ಟಿದಳು; ಮಾವನ ಒಡಹುಟ್ಟಿದ ತಂಗಿ! ಮಾವನ ಕೆಲಸ ಹೋಯಿತು. ಆರು ತಿಂಗಳಿಗೆ ಅಪ್ಪ ಯಾರ್‍ಯಾರದೋ ಕೈಕಾಲು ಹಿಡಿದು ಅದೇ ಕುರ್ಚಿಗೆ ನನ್ನನ್ನು ಸೇರಿಸಿದ. ನಾನೂ ನಾಚಿಕೆಯಿಲ್ಲದೆ ಕೂತೆ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ.

ಸೇರುವ ಹಿಂದಿನ ದಿನ ಮಾವ ನಮ್ಮ ಗೇಟಿನ ತನಕ ಬಂದ. ಒಳಗೆ ಕರೆದರೆ ಬರಲಿಲ್ಲ.

“ಯಾರು ಹೇಳಿದ್ರೂ ಮುಟ್ಟದೆ ಸಹಿ ಹಾಕ್ಬೇಡ ಮಗಳೇ. ನಿಮ್ಮಪ್ಪ ಹೇಳಿದ್ರೂ.”

ಈ ವರ್ಷ ನೆರೆ ಇಳಿಯಿತು. ಅಪ್ಪ ಸರಪಳಿ ಕಟ್ಟಿ, ತನ್ನ ಸಹಿ ಹಾಕಿ, ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟ. ನಾನು ಪೆನ್ನು ಮುಚ್ಚಿ, ಸ್ಪ್ಯಾನರ್ ಹಿಡಿದು ದೋಣಿಯ ಕಡೆ ಹೊರಟೆ.

“ಹೆತ್ತ ಅಪ್ಪನ ಮೇಲೂ ನಂಬಿಕೆ ಇಲ್ವೇನೇ?”

“ಮಾವನಿಗೆ ಇತ್ತು” ಎಂದೆ.

ದೋಣಿ ಹತ್ತಿ ಹೊಳೆ ದಾಟಿದೆ. ಆಚೆ ದಡದ ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದೆ; ಕೂದಲೆಳೆಯಷ್ಟೂ ಅಲುಗಲಿಲ್ಲ. ಇಷ್ಟು ಬಿಗಿಯಾಗಿ ಬಿಗಿಯಲು ಅಪ್ಪನಿಗೆ ಆಗಲೂ ಬರುತ್ತಿತ್ತು. ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.