ಕಾಲು ನಿಲ್ಲದವನು ಕೊಂಡ ತೆಪ್ಪ

ಇವತ್ತು ಬೆಳಿಗ್ಗೆ ನಮ್ಮ ಓಣಿಗೆ ಡಾಂಬರು ಹಾಕಲು ಬಂದರು. ವರ್ಷಗಟ್ಟಲೆ ಇವತ್ತು ಬರುತ್ತೇವೆ ನಾಳೆ ಬರುತ್ತೇವೆ ಎಂದು ಸತಾಯಿಸಿದವರು, ನಾನು ಷೆಡ್ಡಿನ ಷಟರ್ ಎತ್ತಿ ಊದುಬತ್ತಿ ಹಚ್ಚುವ ಹೊತ್ತಿಗೇ ಬರಬೇಕೆ! ಊದುಬತ್ತಿಯ ಪರಿಮಳ ಎತ್ತ ಹೋಯಿತೋ, ಕರಗಿದ ಡಾಂಬರಿನ ಕಮಟು ಒಳಗೆಲ್ಲ ತುಂಬಿಕೊಂಡಿತು. ಹೊಲಿಗೆಗೆ ಕೂತವರು ಮೂಗಿಗೆ ಟವೆಲ್ ಕಟ್ಟಿಕೊಂಡು ನನ್ನನ್ನು ಬೈಯುವವರ ಹಾಗೆ ನೋಡಿದರು. ನಾನು ಮಾತ್ರ ಬಾಗಿಲಿಗೆ ಬಂದು ಎದೆ ತುಂಬ ಉಸಿರೆಳೆದುಕೊಂಡೆ. ನಗಬೇಡಿ. ನಿಮಗೆ ಅದು ರಸ್ತೆಯ ವಾಸನೆ, ನನಗೆ ಹೊಳೆಯ ವಾಸನೆ. ಕೆಲವು ವರ್ಷಗಳ ಹಿಂದೆ ತುಂಗಭದ್ರೆಯ ನಡುವೆ ನನ್ನ ಹೆಂಡತಿ ಗಿರಿಜಾ ಬುತ್ತಿ ಬಿಚ್ಚಿದ ಒಂದು ಭಾನುವಾರದ ವಾಸನೆ.

ಅದನ್ನು ಹೇಳುವ ಮೊದಲು ನನ್ನ ಬಲಗಾಲಿನ ವಿಷಯ ಹೇಳಬೇಕು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಮನೆಯಲ್ಲಿ ಹುಟ್ಟಿದವನು ನಾನು. ನೆಟ್ಟಗೆ ನಡೆಯಲು ಕಲಿಯುವ ಮೊದಲೇ ಅಪ್ಪನ ಮಷಿನ್ನಿನ ಪೆಡಲ್ ಮೇಲೆ ಕಾಲಿಟ್ಟವನು. ಆಮೇಲೆ ಕರೆಂಟಿನ ಮಷಿನ್ನು ಬಂತು, ಷೆಡ್ಡು ಬಂತು, ಜನ ನನ್ನನ್ನು ಮಾಲೀಕ ಎಂದು ಕರೆಯತೊಡಗಿದರು. ಈ ಸುದ್ದಿ ಯಾವುದೂ ಬಲಗಾಲಿಗೆ ಮುಟ್ಟಲಿಲ್ಲ. ಎಲ್ಲಿ ಕೂತರೂ ಅದು ತನ್ನ ಪಾಡಿಗೆ ತಾನು ತುಳಿಯುತ್ತಲೇ ಇರುತ್ತದೆ. ನನ್ನ ಮದುವೆಯ ಹಂದರದಲ್ಲಿ ತುಳಿದು ಅಕ್ಷತೆಯ ತಟ್ಟೆ ಕುಣಿಸಿದೆ. ಸಾವಿನ ಮನೆಯಲ್ಲಿ ಮಾತಾಡಿಸಲು ಹೋದಾಗಲೂ ತುಳಿದು ಮಾನ ಕಳೆದಿದೆ. "ಕಾಲು ಅಳ್ಳಾಡಿಸಬ್ಯಾಡಲೇ, ಮನಿಗಿ ದರಿದ್ರ ಹತ್ತತೈತಿ" ಎಂದು ಅವ್ವ ತೊಡೆಗೆ ಬಾರಿಸುತ್ತಿದ್ದಳು. ಬಾರಿಸಿದಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಶುರುವಾಗುತ್ತಿತ್ತು.

ಬರೀ ಕಾಲಾಗಿದ್ದರೆ ಸಂಸಾರಕ್ಕೆ ತೊಂದರೆಯಿರಲಿಲ್ಲ. ನನ್ನ ಮನಸ್ಸೂ ಹಾಗೆಯೇ. ಹೊರಟ ಊರು ಮುಟ್ಟುವ ಮೊದಲೇ ನನಗೆ ವಾಪಸ್ ಬರುವ ಬಸ್ಸಿನ ಚಿಂತೆ. ಹಂಪಿಗೆ ಕರೆದುಕೊಂಡು ಹೋದರೆ "ನೋಡಿದ್ರಿಲ್ಲೋ, ನಡ್ರಿ ನಡ್ರಿ" ಎಂದು ಹೆಂಡತಿ ಮಗಳನ್ನು ದನ ಅಟ್ಟಿದಂತೆ ಅಟ್ಟುತ್ತಿದ್ದೆ. ಗಿರಿಜಾ ಬಹಳ ವರ್ಷ ತಡೆದುಕೊಂಡಳು. ಒಂದು ಸಲ ಕುರುಗೋಡಿನ ಬಸವೇಶ್ವರನ ಗುಡಿಗೆ ಹೋಗಿದ್ದೆವು. ಗುಡ್ಡದ ನೆರಳಲ್ಲಿ ಕೂತು ಅವಳು ಬುತ್ತಿ ಬಿಚ್ಚಿ, ನನಗೂ ಮಗಳು ಅನುವಿಗೂ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ನಾನು ಗಬಗಬನೆ ತಿಂದು ಕೈ ತೊಳೆದು, ಚಪ್ಪಲಿ ಮೆಟ್ಟಿ, "ನಡ್ರಿ, ಬಸ್ಸು ಬರೋ ಟೈಮಾತು" ಎಂದು ನಿಂತೆ. ಅವಳು ತನಗೆ ಇನ್ನೂ ಬಡಿಸಿಕೊಂಡೇ ಇರಲಿಲ್ಲ.

ಬುತ್ತಿಯನ್ನು ಮತ್ತೆ ಗಂಟು ಕಟ್ಟಿದಳು. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು: "ಇನ್ಮ್ಯಾಲ ನಿಮ್ಮ ಸಂಗಡ ನಾ ಎಲ್ಲಿಗೂ ಬರಂಗಿಲ್ಲ. ನೀವು ಊರು ತೋರ್ಸಾಕ ಕರಕೊಂಡು ಹೋಗಂಗಿಲ್ಲ. ವಾಪಸ್ ಬರಾಕ ಕರಕೊಂಡು ಹೋಗ್ತೀರಿ."

ಮಾತಿಗೆ ತಪ್ಪುವವಳಲ್ಲ. ಆಮೇಲೆ ತವರಿನವರ ಮದುವೆಗೂ ಅನುವನ್ನು ಕರೆದುಕೊಂಡು ಬೇರೆ ಬಸ್ಸಿಗೆ ಹೋದಳು. ಮನೆಯಲ್ಲಿ ಅಡುಗೆ ಆಗುತ್ತಿತ್ತು, ಚಹಾ ಬರುತ್ತಿತ್ತು, ಕೇಳಿದ್ದಕ್ಕೆ ಉತ್ತರವೂ ಬರುತ್ತಿತ್ತು. ಜಗಳವಾಡಿದ್ದರೆ ಇಬ್ಬರೂ ಕೂಗಿ ಹಗುರಾಗುತ್ತಿದ್ದೆವು. ಅವಳು ನನ್ನ ಕೈಬಿಟ್ಟಿದ್ದಾಳೆ ಎಂದು ನನಗೆ ಅನಿಸತೊಡಗಿತ್ತು, ಮತ್ತು ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು.

ಗಿರಿಜಾಳ ತವರು ಸಿರುಗುಪ್ಪದ ಆಚೆ, ಹೊಳೆಯ ದಂಡೆಯ ಕೆಂಚನಗುಡ್ಡ. ಹುಡುಗಿಯಾಗಿದ್ದಾಗ ಅವರಪ್ಪನ ಸಂಗಡ ತೆಪ್ಪದಲ್ಲಿ ಹೋಗಿ ಗಾಳ ಹಾಕುತ್ತಿದ್ದುದನ್ನು ಮದುವೆಯಾದ ಹೊಸತರಲ್ಲಿ ಎಷ್ಟೋ ಸಲ ಹೇಳಿದ್ದಳು. ಆಗ ನಾನು ಅರ್ಧ ಕೇಳಿ ಎದ್ದು ಹೋಗುತ್ತಿದ್ದೆ. ಈಗ ಆ ಅರ್ಧವೇ ಉಪಕಾರಕ್ಕೆ ಬಂತು. ಒಂದು ಹಳೆಯ ದೋಣಿ ಕೊಂಡರೆ ಹೇಗೆ? ರಜೆಯಲ್ಲಿ ಮೀನು ಹಿಡಿಯಬಹುದು, ಹೆಂಡತಿ ಮಗಳನ್ನು ತಿರುಗಾಡಿಸಬಹುದು. ಹೊಳೆಯೆಂದರೆ ಇವಳು ಇಲ್ಲ ಅನ್ನಲಾರಳು ಎಂದು ಲೆಕ್ಕ ಹಾಕಿದೆ. ಬಳ್ಳಾರಿಯಂಥ ಬಿಸಿಲೂರಿನಲ್ಲಿ ದೋಣಿ ಹುಡುಕುತ್ತೇನೆಂದರೆ ಜನ ಬಿಸಿಲು ತಲೆಗೇರಿದೆ ಅನ್ನುತ್ತಾರೆ. ಅಂದರು ಕೂಡ.

ಮೊದಲು ಸಿಕ್ಕಿದ್ದು ಊರೊಳಗಿನ ಗುಜರಿಯಲ್ಲಿ. ಯಾವುದೋ ಮುಚ್ಚಿಹೋದ ಪಾರ್ಕಿನ ಫೈಬರ್ ದೋಣಿ, ಬಾತುಕೋಳಿಯ ಆಕಾರದ್ದು. ಕೋಳಿಗೆ ತಲೆಯಿರಲಿಲ್ಲ. ಗುಜರಿಯವ ತೆಲುಗಿನಲ್ಲಿ "ಚಾಲಾ ಬಾಗುಂದಿ ಅಣ್ಣಾ" ಎಂದು ಹೊಗಳಿ, ತಲೆ ಬೇಕಾದರೆ ಬೇರೆ ಕೂಡಿಸಿಕೊಡುತ್ತೇನೆ ಎಂದ. ನನಗೆ ತಲೆಯ ಚಿಂತೆಯಿರಲಿಲ್ಲ. ಅದಕ್ಕೆ ಪೆಡಲ್ ಇತ್ತು ನೋಡಿ! ಹತ್ತಿ ಕೂತದ್ದೇ ತಡ, ಬಲಗಾಲು ತವರಿಗೆ ಬಂದಂತೆ ತುಳಿಯತೊಡಗಿತು. ಜೊತೆಗೆ ಬಂದಿದ್ದ ಅನು ಸುತ್ತಲೂ ನೋಡಿ ಮೆಲ್ಲಗೆ ಹೇಳಿದಳು: "ಅಪ್ಪಾ, ಇದರಾಗ ಕುಂತ್ರ ನನ್ನ ಗೆಳತ್ಯಾರು ಯಾರೂ ನೋಡಬಾರದು." ಇಳಿದು ಬಂದೆವು.

ಎರಡನೆಯದು ಕುರುಗೋಡಿನಲ್ಲಿ. ಮೆಣಸಿನಕಾಯಿ ಬೆಳೆಯುವ ರೈತರೊಬ್ಬರು ಹೊಲದ ಹೊಂಡದಲ್ಲಿ ಬಿಟ್ಟುಕೊಂಡದ್ದು. ನಾಲ್ಕು ಖಾಲಿ ಡ್ರಮ್ಮಿನ ಮೇಲೆ ಕಬ್ಬಿಣದ ಪಟ್ಟಿ ಬೆಸೆದು ಹಲಗೆ ಹಾಸಿದ್ದರು. "ಎಮ್ಮಿ ನಿಂದರ್ಸಿದ್ರೂ ಮುಳುಗಂಗಿಲ್ರೀ" ಎಂದು ಅದರ ಮೇಲೆ ಹಾರಿ ಹಾರಿ ತೋರಿಸಿದರು. ನನಗೆ ಬಲು ಹಿಡಿಸಿತು. ಅಲ್ಲೇ ಮಾತು ಕೊಟ್ಟುಬಿಡುತ್ತಿದ್ದೆ, ಆದರೆ ಅದನ್ನು ಹೊಂಡದಿಂದ ಹೊಳೆಗೆ ಒಯ್ಯುವುದು ಹೇಗೆಂದು ಅವರಿಗೂ ಗೊತ್ತಿರಲಿಲ್ಲ. ಅವತ್ತು ಊಟಕ್ಕೆ ಕೂತಾಗ ಗೋಡೆಗೆ ಹೇಳುವವನ ಹಾಗೆ ಎಲ್ಲವನ್ನೂ ವರ್ಣಿಸಿದೆ. ಗಿರಿಜಾ ತಟ್ಟೆಗೆ ಅನ್ನ ಹಾಕುತ್ತ, ತಲೆಯೆತ್ತದೆ, "ಅದು ದೋಣಿ ಅಲ್ಲ, ಮಂಚ" ಎಂದಳು. ಅಷ್ಟು ತಿಂಗಳಲ್ಲಿ ನಾನು ಕೇಳದೆ ಅವಳಾಗಿಯೇ ಆಡಿದ ಮೊದಲ ಮಾತು ಅದು. ನಾನು ಇನ್ನೊಂದು ಸಲ ಅನ್ನ ಹಾಕಿಸಿಕೊಂಡೆ.

ಮೂರನೆಯದಕ್ಕೆ ಕೆಂಚನಗುಡ್ಡಕ್ಕೇ ಹೋದೆ. ಹುಲುಗಪ್ಪ ಎಂಬ ಮೀನುಗಾರರು ಹೊಸ ತೆಪ್ಪ ಹೆಣೆಸಿಕೊಂಡು ಹಳೆಯದನ್ನು ಮಾರುವವರಿದ್ದರು. ನಮ್ಮ ಕಡೆಯ ತೆಪ್ಪ ನೀವು ನೋಡಿರಬಹುದು: ದೊಡ್ಡ ಬಿದಿರಿನ ಬುಟ್ಟಿ, ಹೊರಗೆ ಗೊಬ್ಬರ ಚೀಲದ ಹೊದಿಕೆ, ಅದರ ಮೇಲೆ ಡಾಂಬರು. ನಾನು ಕಾರು ಕೊಳ್ಳುವವನಂತೆ ಸುತ್ತಲೂ ತಿರುಗಿ, ಬೆರಳಿನಿಂದ ತಟ್ಟಿ, ತಲೆಯಾಡಿಸಿದೆ. ಏನು ನೋಡಬೇಕೆಂದೇ ಗೊತ್ತಿರಲಿಲ್ಲ. ಕೊನೆಗೆ ತಡೆಯಲಾರದೆ ಗಿರಿಜಾಳಿಗೆ ಫೋನ್ ಮಾಡಿದೆ.

"ಕಲ್ಲಿನ ಮ್ಯಾಲ ಇಟ್ಟು ಒಳಗ ನೀರು ತುಂಬ್ರಿ," ಎಂದಳು. "ಎಲ್ಲಿ ಹೊರಗ ಸೋರತೈತೋ ಅಲ್ಲೇ ನಾಳಿ ಒಳಗ ಸೋರತೈತಿ. ತುಂಬಿದ ಮ್ಯಾಲ ಜರ ನಿಂತು ನೋಡ್ರಿ. ಓಡಿ ಬರಬ್ಯಾಡ್ರಿ."

ತುಂಬಿದೆವು. ತಳದಲ್ಲಿ ಒಂದು ಕಡೆ ನೀರು ಜಿನುಗಿತು. ಹುಲುಗಪ್ಪನವರು ಬೇಸರ ಮಾಡಿಕೊಳ್ಳಲಿಲ್ಲ. "ಯಾರೋ ಹೊಳಿ ದಂಡಿಯವರ ಹೇಳಿಕೊಟ್ಟಾರ ನಿಮಗ" ಎಂದು ನಕ್ಕು, ಆ ಜಾಗಕ್ಕೆ ಒಳಗೂ ಹೊರಗೂ ತೇಪೆ ಹಾಕಿ, ಸೀಮೆಎಣ್ಣೆ ಬೆರೆಸಿದ ಡಾಂಬರು ಬಳಿದುಕೊಟ್ಟರು. ಬೆಲೆ ನನ್ನಂಥವನಿಗೆ ಎಟಕುವಂಥದ್ದೇ ಆಗಿತ್ತು. ಹೊರಡುವಾಗ ಅವರು ಒಂದೇ ಮಾತು ಹೇಳಿದರು: "ಡಾಂಬರು ಹಸಿ ಐತ್ರಿ. ಒಂದು ವಾರ ಬಿಸಲಾಗ ಒಣಗ್ಲಿ, ಆಮ್ಯಾಲ ನೀರಿಗಿಳಸ್ರಿ."

ಒಂದು ವಾರ! ನನಗೆ ಹೇಳುವ ಮಾತೇ ಅದು? ಮನೆಗೆ ಬಂದವನೇ ಧೈರ್ಯ ಮಾಡಿ ಕೇಳಿದೆ: "ನಾಡಿದ್ದು ಭಾನುವಾರ ತೆಪ್ಪದಾಗ ಹೋಗೋಣು, ಬರ್ತೀ ಏನು?"

ಗಿರಿಜಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಹೊಳಿ ನಡುವಿನ ತನಕ ಹೋಗೂದೇನು?"

"ಹೂಂ."

"ಹಂಗಾದ್ರ ಬರ್ತೀನಿ."

ಒಣಗದ ಡಾಂಬರು ಬಟ್ಟೆಗೆ ಮೆತ್ತಿಕೊಂಡರೆ ಗತಿಯೇನು ಎಂಬ ವಿಚಾರ ಶನಿವಾರ ಬಂತು. ಅದಕ್ಕೂ ಉಪಾಯ ಕಂಡುಕೊಂಡೆ. ಷೆಡ್ಡಿನಲ್ಲಿ ಕಟಿಂಗ್ ಮಾಡಿ ಉಳಿದ ಜೀನ್ಸ್ ಬಟ್ಟೆ ಬೇಕಾದಷ್ಟು ಬಿದ್ದಿತ್ತು. ದಪ್ಪ, ಗಟ್ಟಿ, ಹೊಚ್ಚ ಹೊಸದು. ಮಡಚಿ ಹೊಲಿದು ತೆಪ್ಪದ ಅಳತೆಗೆ ದುಂಡನೆಯ ಗಾದಿ ಮಾಡಿಸಿದೆ. ಬಳ್ಳಾರಿಯ ಯಾವ ಜೀನ್ಸಿನವನನ್ನು ಬೇಕಾದರೂ ಕೇಳಿ, ತೊಳೆಯದ ಬಟ್ಟೆ ನೀರು ಕಂಡರೆ ಏನಾಗುತ್ತದೆಂದು ನಿದ್ದೆಯಲ್ಲೂ ಹೇಳುತ್ತಾನೆ. ಹೊಲಿದ ಪ್ಯಾಂಟು ವಾಷಿಂಗಿಗೆ ಹೋಗಿ ಬಾರದೆ ನಾವು ಮಾರುವುದೇ ಇಲ್ಲ. ಇಪ್ಪತ್ತು ವರ್ಷ ಅದೇ ಬಟ್ಟೆಯಲ್ಲಿ ಅನ್ನ ಉಂಡವನಿಗೆ ಅವತ್ತು ಅದು ಹೊಳೆಯಲಿಲ್ಲ. ಮನಸ್ಸು ಆಗಲೇ ಭಾನುವಾರಕ್ಕೆ ಓಡಿಹೋಗಿತ್ತು.

ಭಾನುವಾರ ಗಿರಿಜಾ ಕೆನೆಬಣ್ಣದ ಸೀರೆ ಉಟ್ಟಿದ್ದಳು. ಅನುವಿನ ಸೊಂಟಕ್ಕೆ ಗಾಳಿ ತುಂಬಿದ ಟ್ಯೂಬು ಕಟ್ಟಿದ್ದಳು, ನನಗೂ ಒಂದು. ಹುಟ್ಟು ಹಾಕಲು ಹುಲುಗಪ್ಪನವರು ಬರುತ್ತೇನೆಂದರೂ ಬೇಡವೆಂದು ತಾನೇ ಮುಂದೆ ಮೊಣಕಾಲೂರಿ ಕೂತಳು. ಸೆರಗು ಸಿಕ್ಕಿಸಿ ಎರಡು ಸಲ ನೀರು ಎಳೆದದ್ದೇ, ತೆಪ್ಪ ಅವಳ ಮಾತು ಕೇಳತೊಡಗಿತು. ನನ್ನ ಮನೆಯಲ್ಲಿ ಇಷ್ಟು ವರ್ಷ ಇದ್ದವಳು ಇವಳೇ ಹೌದೇ ಎಂದು ನೋಡುತ್ತ ಕೂತೆ. ದಂಡೆಯ ಭತ್ತದ ಗದ್ದೆಗಳು ಸಣ್ಣದಾದವು. ನಡುಹೊಳೆಯಲ್ಲಿ ಅವಳು ಹುಟ್ಟನ್ನು ಮಡಿಲಲ್ಲಿಟ್ಟು ನಮ್ಮ ಕಡೆ ತಿರುಗಿ ಕೂತಳು. ಅನು ಗಾಳ ಬಿಟ್ಟಳು.

ಆಗ ಕಾಲು ಶುರುವಾಯಿತು. ನೆಲದ ಮೇಲೆ ಅದು ನನ್ನೊಬ್ಬನ ಖಾಸಗಿ ವಿಷಯ. ತೆಪ್ಪದಲ್ಲಿ ಹಾಗಲ್ಲ. ನನ್ನ ಹಿಮ್ಮಡಿ ಕುಣಿದಂತೆ ಬಿದಿರು ಕುಣಿಯಿತು, ಬಿದಿರು ಕುಣಿದಂತೆ ನೀರಿನಲ್ಲಿ ಬಳೆಬಳೆಯಾಗಿ ಅಲೆ ಎದ್ದಿತು. "ಅಪ್ಪಾ, ನೀ ಹಿಂಗ ಮಾಡಿದ್ರ ಮೀನು ಆಂಧ್ರಕ್ಕ ಓಡಿ ಹೋಗ್ತಾವ" ಎಂದಳು ಅನು. ನಿಲ್ಲಿಸಲು ನೋಡಿದೆ. ಬಲಗಾಲು ನಿಲ್ಲಲಿಲ್ಲ. ಆಗಲೇ ಕೆಳಗೆ ಏನೋ ತಣ್ಣಗೆ ತಾಗಿತು. ಹಸಿ ತೇಪೆ ನೀರು ಬಿಟ್ಟಿತ್ತು. ಗಾದಿ ನೆನೆದಿತ್ತು. ಗಿರಿಜಾಳ ಕೆನೆಬಣ್ಣದ ಸೀರೆಯ ಅಂಚಿನಿಂದ ಕಡುನೀಲಿ ಮೆಲ್ಲಗೆ ಮೇಲೇರುತ್ತಿತ್ತು.

"ಅಯ್ಯೋ, ಬಣ್ಣ!" ಎಂದು ಎದ್ದೇಬಿಟ್ಟೆ. ತೆಪ್ಪ ಒಂದು ಕಡೆ ವಾಲಿತು. ಅನು ಚೀರಿದಳು.

"ಕುಂದರ್ರಿ!" ಗಿರಿಜಾ ನನ್ನ ಅಂಗಿ ಹಿಡಿದು ಜಗ್ಗಿ ಕೂರಿಸಿದಳು. ಕೂರಿಸಿದವಳೇ ತನ್ನ ಪಾದವನ್ನು ನನ್ನ ಬಲಪಾದದ ಮೇಲಿಟ್ಟು ಒತ್ತಿದಳು. ತೆಪ್ಪ ಸರಿಯಾಯಿತು. ಅವಳು ಪಾದ ತೆಗೆಯಲಿಲ್ಲ.

"ಸೀರಿ ಹಾಳಾತು. ವಾಪಸ್ ಹೋಗೋಣು ನಡಿ," ಎಂದೆ.

"ಆಗ್ಲಿ ಬಿಡ್ರಿ. ಎಷ್ಟು ಸೋರತೈತಿ ನಾ ನೋಡಾಕತ್ತೀನಿ. ಇದು ಮುಳುಗೂವಷ್ಟು ಸೋರೂದಲ್ಲ." ಬುತ್ತಿಯ ಜೊತೆ ತಂದಿದ್ದ ಚೊಂಬನ್ನು ನನ್ನ ಕೈಗೆ ಕೊಟ್ಟಳು. "ನೀರು ತೋಡಿ ಹಾಕ್ರಿ. ನಡುಹೊಳಿಗಿ ಯಾಕ ಬಂದೀನಿ ಗೊತ್ತೈತೇನು? ಇಲ್ಲಿಂದ ನೀವು ಎದ್ದು ಹೋಗಾಕ ಬರಂಗಿಲ್ಲ. ಇವತ್ತ ನಾ ಉಣ್ಣಾಕಿ."

ಬುತ್ತಿ ಬಿಚ್ಚಿದಳು. ಮೊದಲು ತನಗೆ ಬಡಿಸಿಕೊಂಡಳು. ರೊಟ್ಟಿಯನ್ನು ಸಣ್ಣ ಸಣ್ಣ ತುತ್ತು ಮುರಿದು, ಎಣ್ಣೆಗಾಯಿಗೆ ಹಚ್ಚಿ, ಹೊಳೆ ನೋಡುತ್ತ, ನಿಧಾನವಾಗಿ ಉಂಡಳು. ನಾನು ಚೊಂಬಿನಲ್ಲಿ ನೀಲಿ ನೀರು ತೋಡಿ ಚೆಲ್ಲುತ್ತ ಕೂತೆ. ಅವಳ ಪಾದ ಬೆಚ್ಚಗಿತ್ತು. ಅದರ ಕೆಳಗೆ ನನ್ನ ಕಾಲು ಒಂದೆರಡು ಸಲ ಮಿಸುಕಿ, ಆಮೇಲೆ ಸುಮ್ಮನಾಯಿತು. ದೂರದ ಪಂಪ್‌ಸೆಟ್ಟಿನ ಸದ್ದು, ಬಿದಿರಿಗೆ ನೀರು ತಾಗುವ ಸದ್ದು, ಅವಳು ಉಳ್ಳಾಗಡ್ಡಿ ಕಡಿಯುವ ಸದ್ದು, ಇಷ್ಟೇ ಕೇಳಿಸುತ್ತಿತ್ತು. ಅವಳು ಉಣ್ಣುವುದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ನನಗೆ ಅಳು ಬಂದಂತಾಯಿತು. ಅನುವಿನ ಗಾಳಕ್ಕೆ ಬೆರಳುದ್ದದ ಮೀನೊಂದು ಬಿದ್ದಿತ್ತು, ಆ ಗದ್ದಲದಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ದಂಡೆಗೆ ಬಂದಾಗ ಮೂವರ ಹಿಂಭಾಗವೂ ನೀಲಿ. ಹುಲುಗಪ್ಪನವರು ನೋಡಿಯೂ ನೋಡದಂತೆ ಬಲೆ ಬಿಡಿಸುತ್ತ ಕೂತರು.

ಆಮೇಲೆ ಎಷ್ಟೋ ಭಾನುವಾರ ಹೋದೆವು. ನಂತರ ಷೆಡ್ಡಿನ ಆರ್ಡರು, ಅನುವಿನ ಪರೀಕ್ಷೆ, ಅದು ಇದು ಎಂದು ತಪ್ಪುತ್ತ ಬಂತು. ತೇಪೆ ಮತ್ತೆ ಬಿಟ್ಟಿದೆ, ತೆಪ್ಪ ಹುಲುಗಪ್ಪನವರ ಬೇವಿನ ಗಿಡದ ಕೆಳಗೆ ಬೋರಲಾಗಿ ಬಿದ್ದಿದೆ. ಹೊಳೆಗೆ ಯಾವಾಗ ಹೋಗೋಣ ಎಂದು ಗಿರಿಜಾ ಕೇಳುವುದನ್ನು ಬಿಟ್ಟಿದ್ದಾಳೆ. ಅವಳು ಕೇಳುವುದನ್ನು ಬಿಟ್ಟರೆ ಏನರ್ಥವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅದಕ್ಕೇ ಇವತ್ತು ರಸ್ತೆಯವರನ್ನು ಕಾಡಿ ಬೇಡಿ ಒಂದು ಡಬ್ಬಿ ಡಾಂಬರು ಇಸಿದುಕೊಂಡೆ. ಷೆಡ್ಡಿನ ಸ್ಟೂಲಿನ ಮೇಲೆ ಕೂತು ಮನೆಗೆ ಫೋನ್ ಹಚ್ಚಿದೆ.

"ಗಿರಿಜಾ, ಡಾಂಬರು ಸಿಕ್ಕೈತಿ. ತೆಪ್ಪಕ್ಕ ಹಚ್ಚೋಣೇನು?"

ಆ ಕಡೆ ಕುಕ್ಕರಿನ ಸೀಟಿ ಕೇಳಿತು. ಆಮೇಲೆ ಅವಳ ದನಿ, ಅವಸರದ ದನಿ: "ಬುತ್ತಿ ಕಟ್ಟಲೇನು? ಈಗಿನ ಬಸ್ಸಿಗಿ ಹೋದ್ರ ಸಂಜೀ ಒಳಗ ನೀರಿಗಿಳಿಸಬಹುದು."

"ಇವತ್ತ ಬ್ಯಾಡ," ಎಂದೆ. "ಹಚ್ಚಿದ ಮ್ಯಾಲ ಒಣಗಬೇಕು. ಒಂದು ವಾರ ಕಾಯೋಣು. ಗಾದಿ ಬಟ್ಟೀನೂ ತೊಳಸಬೇಕು."

ಕುಕ್ಕರು ಇನ್ನೊಂದು ಸಲ ಕೂಗಿತು. "ಯಾರು ಮಾತಾಡೂದು?" ಎಂದಳು ಗಿರಿಜಾ.

"ನಾನ ಅದೀನಿ," ಎಂದೆ, ಮತ್ತು ಕೆಳಗೆ ನೋಡಿಕೊಂಡೆ. ನನ್ನ ಎಡಪಾದ ಬಲಪಾದದ ಮೇಲೆ ಕೂತಿತ್ತು.