ಮುಯ್ಯಿಗೆ ಹೋಗದ ದಿನ

ಕಳಸದ ಹತ್ತಿರ, ಸಂಸೆಯಿಂದ ಒಳಗಿರುವ ನಮ್ಮ ಊರಲ್ಲಿ ಎಲ್ಲರದೂ ಎರಡು ಮೂರು ಎಕರೆ ಕಾಫಿ. ಕೂಲಿಗೆ ಆಳು ಸಿಗುವುದಿಲ್ಲ, ಹಾಗಾಗಿ ಕೊಯ್ಲಿಗೆ ಮುಯ್ಯಾಳು: ಇವತ್ತು ನೀನು ನನ್ನ ತೋಟಕ್ಕೆ, ನಾಳೆ ನಾನು ನಿನ್ನ ತೋಟಕ್ಕೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ತಪ್ಪಿಸಿದವರನ್ನೂ ನಾನು ಕಂಡಿರಲಿಲ್ಲ.

ಹೋದ ವರ್ಷ ಪಕ್ಕದ ಮನೆಯವಳು ಗಂಡ ಹೊಡೆದನೆಂದು ಠಾಣೆಗೆ ದೂರು ಕೊಟ್ಟಳು. ಊರಿನ ಹಿರಿಯರು ಮೊದಲೇ ಕರೆದು, 'ಮನೆ ವಿಷಯ ಮನೇಲೇ ಇರ್ಲಿ' ಅಂದಿದ್ದರು. ಅವಳು ಕೇಳಲಿಲ್ಲ. ಊರಿಗೊಂದು ದಾರಿಯಾದರೆ ಇವಳಿಗೊಂದು ದಾರಿ ಎಂದು ನಮ್ಮತ್ತೆ ಮೂಗು ಮುರಿದರು. ಕಾನೂನು ಅವಳ ಪರವಾಗಿಯೇ ಇತ್ತು, ಆದರೆ ಹಣ್ಣು ಕೊಯ್ಯಲು ಕಾನೂನು ಬರುವುದಿಲ್ಲವಲ್ಲ. ಅವಳ ತೋಟಕ್ಕೆ ಹೋಗಬೇಡಿ ಎಂದು ಯಾರೂ ಹೇಳಲಿಲ್ಲ. ಯಾರೂ ಹೋಗಲಿಲ್ಲ, ಅಷ್ಟೇ.

ನಾನು ಅವಳಿಗೆ ಎರಡು ದಿನದ ಮುಯ್ಯಿ ತೀರಿಸಬೇಕಿತ್ತು. ನನ್ನ ಮೇಲಿನ ತೋಟದ ಕೊಯ್ಲೂ ಬಾಕಿ, ಹಣ್ಣು ಉದುರಲು ಶುರುವಾಗಿತ್ತು. ಅವಳಲ್ಲಿಗೆ ಹೋದರೆ ನನ್ನಲ್ಲಿಗೆ ಯಾರು ಬರುತ್ತಾರೆ? ಮೂರು ದಿನ ಅವಳ ತೋಟದ ಕಡೆ ಹೋಗಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಧೈರ್ಯ ಮಾಡಿ, ಸೊಂಟಕ್ಕೆ ಚೀಲ ಕಟ್ಟಿ ಹೊರಟೆ. ರಸ್ತೆಯಲ್ಲಿ ನಾಲ್ವರು ಹೆಂಗಸರು ಬೇರೆ ತೋಟಕ್ಕೆ ಹೊರಟು ನಿಂತಿದ್ದರು.

'ಎಲ್ಲಿಗೆ ಮಾರಾಯ್ತಿ, ಇಷ್ಟು ಬೇಗ?' ಒಬ್ಬಳು ನಗುತ್ತಲೇ ಕೇಳಿದಳು.

'ಜ್ವರ ಕಣೇ. ಕಳಸಕ್ಕೆ, ಡಾಕ್ಟ್ರ ಹತ್ರ,' ಅಂದೆ.

ಕೊಯ್ಲಿನ ಚೀಲ ಕಟ್ಟಿಕೊಂಡು ಡಾಕ್ಟರ ಹತ್ತಿರ ಹೋಗುವವಳು ನಾನೊಬ್ಬಳೇ ಇರಬೇಕು. ಅವರು ಚೀಲ ನೋಡಿದರು. ಬಸ್ಸು ಬಂತು, ಹತ್ತಿದೆ. ಕಳಸದ ಬಸ್ ಸ್ಟ್ಯಾಂಡಿನಲ್ಲಿ ಮಧ್ಯಾಹ್ನದವರೆಗೆ ಸುಮ್ಮನೆ ಕೂತು ವಾಪಸ್ಸು ಬಂದೆ. ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು.

ಸಂಜೆ ಅವಳು ನಮ್ಮ ಅಂಗಳಕ್ಕೆ ಬಂದಳು. ದಿನವಿಡೀ ಒಬ್ಬಳೇ ಕೊಯ್ದು ಬೆರಳೆಲ್ಲ ಕಪ್ಪಾಗಿದ್ದವು. ಕೈಯಲ್ಲಿ ಒಂದು ಲೋಟ ಕಷಾಯ.

'ನಿಮಗೆ ಜ್ವರ ಅಂತ ಹಾಲಿನ ಡೈರಿಲಿ ಮಾತಾಡ್ತಿದ್ರು. ಬಿಸಿ ಇರುವಾಗ್ಲೇ ಕುಡೀರಿ ಅಕ್ಕ. ಮುಯ್ಯಿ ಎಲ್ಲಿ ಹೋಗ್ತದೆ, ಹುಷಾರಾದ ಮೇಲೆ ಬನ್ನಿ.'

ಲೋಟಕ್ಕೆ ಕೈ ಚಾಚುವ ಮೊದಲು ನಾನು ರಸ್ತೆ ಕಡೆ ನೋಡಿದೆ, ಯಾರಾದರೂ ಇದ್ದಾರಾ ಎಂದು. ಅವಳೂ ತಿರುಗಿ ಅತ್ತಲೇ ನೋಡಿದಳು. ಆಮೇಲೆ ಲೋಟವನ್ನು ಮೆಟ್ಟಿಲ ಮೇಲಿಟ್ಟು ಹೋದಳು.